ಎಂಟು ವರ್ಷದ ಮೇಲೆ ಭೀಮಕ್ಕ ಹೊರಗಾದದ್ದು

ಕರೇಕಲ್ಲಹಟ್ಟಿಯಲ್ಲಿ ಭೀಮಕ್ಕನ ಮಾತು ಮೀರಿದವರು ಯಾರೂ ಇರಲಿಲ್ಲ. ಮೀರಬೇಕೆಂದುಕೊಂಡವರು ಇದ್ದರು, ಆದರೆ ಅಂದುಕೊಂಡದ್ದನ್ನು ಅಲ್ಲಿಗೇ ನುಂಗಿಕೊಂಡಿದ್ದರು. ಬಡವನಹಳ್ಳಿಯಿಂದ ಎರಡು ಮೈಲಿ ಒಳಕ್ಕೆ, ಜಾಲಿಮುಳ್ಳಿನ ಬೇಲಿಯೊಳಗೆ ಮೂವತ್ತು ಮನೆಯ ಹಟ್ಟಿ ಅದು. ಎಲ್ಲರದೂ ಕುರಿ ಮೇಕೆಯ ಬದುಕು. ಭೀಮಕ್ಕನ ಗಂಡ ಕಾಟಪ್ಪ ಹಟ್ಟಿಯ ದೇವರಿಗೆ ಪೂಜಾರಿ. ದೇವರಂತೂ ಮಾತಾಡುತ್ತಿರಲಿಲ್ಲ, ಕಾಟಪ್ಪನೂ ಅಷ್ಟಾಗಿ ಮಾತಾಡುತ್ತಿರಲಿಲ್ಲ. ಇಬ್ಬರ ಪರವಾಗಿ ಭೀಮಕ್ಕನೇ ಮಾತಾಡುತ್ತಿದ್ದಳು. ಅವಳ ತವರು ಪಾವಗಡದ ಕಡೆಯ ನಿಡುಗಲ್. ಸಿಟ್ಟು ಬಂದರೆ ಕನ್ನಡ ಸಾಲದೆ ತವರಿನ ತೆಲುಗಿಗೆ ಹೋಗುತ್ತಿದ್ದಳು. ಅವಳು ತೆಲುಗಿಗೆ ಹೋದಳೆಂದರೆ ಎದುರಿಗಿದ್ದವರು ಮನೆಗೆ ಹೋಗುತ್ತಿದ್ದರು.

ಇಂಥ ಭೀಮಕ್ಕನಿಗೂ ಬಡವನಹಳ್ಳಿ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸಮ್ಮ ಜಗದಾಂಬಳಿಗೂ ಮೊದಲ ದಿನವೇ ಜಗಳ ಹತ್ತಿಕೊಂಡಿತು. ಅದು ಎಂಬತ್ತನಾಲ್ಕನೇ ಇಸವಿಯ ಬೇಸಿಗೆ. ತಪ್ಪು ಯಾರದೆಂದು ಕೇಳಿದರೆ, ಪಾಪ, ನರ್ಸಮ್ಮನದೇ ಅನ್ನಬೇಕು. ಆದರೆ ಆ ತಪ್ಪು ತಪ್ಪೆಂದು ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಹಟ್ಟಿಯ ಹೆಂಗಸರು ತಿಂಗಳ ದಿನಗಳಲ್ಲಿ ಬೇಲಿಯ ಒಳಗೆ ಇರುವಂತಿಲ್ಲ. ಬೇಲಿಯಿಂದ ನೂರು ಮಾರು ಆಚೆ ಹುಣಸೆಮರದ ಕೆಳಗೆ ಅವರಿಗೆಂದೇ ಒಂದು ಗುಡಿಸಲಿತ್ತು. ಹೊರಗಾದವರು ಅಲ್ಲಿ ಮೂರು ದಿನ ಇದ್ದು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಊಟವನ್ನು ಮನೆಯವರು ದಾರಿಯ ನಡುವಿನ ಚಪ್ಪಡಿಕಲ್ಲಿನ ಮೇಲೆ ಇಟ್ಟು ಹಿಂದಿರುಗುತ್ತಿದ್ದರು. ಗಂಡಸರಂತೂ ಆ ಗುಡಿಸಲ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಜಗದಾಂಬ ಮಧುಗಿರಿಯ ಲಿಂಗವಂತರ ಮನೆ ಹುಡುಗಿ. ಅವರ ಮನೆಯಲ್ಲಿ ಈ ಕಟ್ಟುಪಾಡು ಇರಲಿಲ್ಲ. ಸೈಕಲ್ಲು ತಳ್ಳಿಕೊಂಡು ಬಂದವಳು ಹುಣಸೆಮರದ ನೆರಳು ಕಂಡು ಅಲ್ಲೇ ನಿಂತಳು. ಗುಡಿಸಲಲ್ಲಿ ಕೂತಿದ್ದ ಮೂವರು ಹುಡುಗಿಯರ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆಯಿದೆಯೆಂದು ಮಾತ್ರೆ ಕೊಟ್ಟಳು. ಆಮೇಲೆ ನೆಟ್ಟಗೆ ಬೇಲಿ ದಾಟಿ, ಚೀಲವನ್ನು ಹಟ್ಟಿಯ ದೇವರ ಮನೆಯ ಜಗಲಿಯ ಮೇಲಿಟ್ಟು, ಕುಡಿಯಲು ನೀರು ಕೇಳಿದಳು. ಭೀಮಕ್ಕ ನೀರು ತಂದವಳು, ಆ ಹುಡುಗಿಯರನ್ನು ಮುಟ್ಟಿದೆಯಾ ಎಂದು ಕೇಳಿದಳು. ಮುಟ್ಟದೆ ನೋಡುವುದು ಹೇಗಮ್ಮ ಎಂದು ಜಗದಾಂಬ ನಕ್ಕಳು. ಅಷ್ಟು ಸಾಲದೆಂಬಂತೆ, ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದೂ ಸೇರಿಸಿದಳು.

ಸರಿ, ಭೀಮಕ್ಕ ತೆಲುಗಿಗೆ ಹೋದಳು. ಜಗಲಿಗೆ ನಾಲ್ಕು ಕೊಡ ನೀರು ಬಿತ್ತು, ನರ್ಸಮ್ಮನ ಚೀಲ ಬೇಲಿಯಾಚೆ ಬಿತ್ತು. ಇನ್ನು ಈ ಹೆಂಗಸು ಹಟ್ಟಿಯೊಳಗೆ ಕಾಲಿಡಕೂಡದು, ಮಾತ್ರೆಯೋ ಸೂಜಿಯೋ ಏನಿದ್ದರೂ ಹೊರಗಿನ ಗುಡಿಸಲ ಹತ್ತಿರ ಮಾಡಿಕೊಂಡು ಹೋಗಲಿ ಎಂದು ಭೀಮಕ್ಕ ಕಟ್ಟಪ್ಪಣೆ ಮಾಡಿದಳು.

ಬೇರೆಯವರಾಗಿದ್ದರೆ ಅತ್ತುಕೊಂಡು ಹೋಗಿ ವರ್ಗಾವಣೆಗೆ ಅರ್ಜಿ ಹಾಕುತ್ತಿದ್ದರು. ಜಗದಾಂಬ ಮುಂದಿನ ಮಂಗಳವಾರ ಒಂದು ಚಾಪೆ ತಂದು ಗುಡಿಸಲಲ್ಲಿ ಹಾಸಿದಳು. ಅದರ ಮುಂದಿನ ವಾರ ತಗಡಿನ ಪೆಟ್ಟಿಗೆ ತಂದಳು. ತಿಂಗಳು ಕಳೆಯುವುದರೊಳಗೆ ಹೊರಗಿನ ಗುಡಿಸಲೇ ಅವಳ ಆಸ್ಪತ್ರೆ. ಹೊರಗೆ ಹಾಕಿದ್ದಕ್ಕೆ ಅವಳಿಗೆ ಒಳ್ಳೆಯದೇ ಆಯಿತು. ಬಡವನಹಳ್ಳಿ ಆಸ್ಪತ್ರೆಯಲ್ಲಿ ಕುಪ್ಪಸದ ಮೇಲಿನ ಗುಂಡಿಗೂ ಕೈ ಹಾಕಲು ಬಿಡದ ಹೆಂಗಸರು ಇಲ್ಲಿ ನಿರಾಳವಾಗಿ ಕೂತು ಎಲ್ಲ ಹೇಳಿಕೊಳ್ಳುತ್ತಿದ್ದರು. ಯಾವ ಗಂಡಸಿನ ಕಣ್ಣೂ ಬೀಳದ ಜಾಗ, ಗಡಿಬಿಡಿಯಿಲ್ಲ, ಮಾಡಲು ಕೆಲಸವಿಲ್ಲ.

ಅಲ್ಲಿಯೇ ಜಗದಾಂಬ ಅವರಿಗೆ ಎದೆ ನೋಡಿಕೊಳ್ಳುವುದನ್ನು ಕಲಿಸಿದ್ದು. ಬೆಂಗಳೂರಿನಲ್ಲಿ ಹದಿನೈದು ದಿನದ ತರಬೇತಿಗೆ ಹೋದಾಗ ಅವಳಿಗೆ ಅದನ್ನು ಹೇಳಿಕೊಟ್ಟಿದ್ದರು. ತಿಂಗಳಿಗೊಂದು ಸಲ, ಮುಟ್ಟು ಮುಗಿದ ಮೇಲೆ ನೋಡಿಕೊಳ್ಳಬೇಕು, ಆಗ ಎದೆ ಮೆತ್ತಗಿರುತ್ತದೆ, ಗಂಟಿದ್ದರೆ ಕೈಗೆ ಸಿಗುತ್ತದೆ. ಇಲ್ಲಿ ನೀರು ಹಾಕಿಕೊಳ್ಳುವ ದಿನ ನಿಗದಿಯಾಗಿಯೇ ಇತ್ತು. ಮೈಗೆ ಸೋಪು ಹಚ್ಚಿದಾಗ ಮೂರು ಬೆರಳು ಮಟ್ಟಸ ಮಾಡಿ ಸುತ್ತ ಒತ್ತಿಕೊಂಡು ಬನ್ನಿ, ಕಂಕುಳ ಬಿಡಬೇಡಿ ಎಂದಳು. ಹೇಗಿರುತ್ತದೆ ಗಂಟು ಎಂದು ಒಬ್ಬಳು ಕೇಳಿದಳು. ಮುದ್ದೆ ತೊಳಸುವಾಗ ಬೇಯದ ಹಿಟ್ಟಿನ ಗಂಟು ನಿಮ್ಮ ಕೈಗೆ ಗೊತ್ತಾಗುವುದಿಲ್ಲವೇ, ಹಾಗೇ ಎಂದಳು ಜಗದಾಂಬ. ಆಮೇಲೆ ಯಾರಿಗೂ ಇನ್ನೊಂದು ಸಲ ಹೇಳಬೇಕಾಗಲಿಲ್ಲ.

ಇದೆಲ್ಲ ಭೀಮಕ್ಕನ ಕಿವಿಗೆ ಬಿದ್ದದ್ದು ಸೊಸೆ ಈರಕ್ಕನಿಂದ. ಈರಕ್ಕ ನೀರು ಹಾಕಿಕೊಂಡು ಒಳಗೆ ಬಂದವಳು ಪಕ್ಕದ ಮನೆ ಹುಡುಗಿಯೊಂದಿಗೆ ಕಿಸಿಕಿಸಿ ನಗುತ್ತಾ ಬೆರಳು ಆಡಿಸಿ ತೋರಿಸುತ್ತಿದ್ದಳು. ಭೀಮಕ್ಕ ಗದರಿದಳು, ವಿಷಯ ತಿಳಿದುಕೊಂಡಳು, ನಾಚಿಕೆ ಬಿಟ್ಟವರೆಂದು ಬೈದಳು. ಬೈದು ಮುಗಿಸಿ ಒಳಗೆ ಹೋದವಳಿಗೆ ಆ ಮೂರು ಬೆರಳು ಮನಸ್ಸಿನಿಂದ ಹೋಗಲಿಲ್ಲ.

ಶನಿವಾರ ಎಣ್ಣೆ ನೀರು. ಬಚ್ಚಲಲ್ಲಿ ಕೂತು ಸೀಗೆಪುಡಿ ಹಚ್ಚಿಕೊಳ್ಳುತ್ತಿದ್ದಾಗ ಅವಳ ಕೈ ಅವಳನ್ನು ಕೇಳದೆಯೇ ಎಡಗಡೆಗೆ ಹೋಯಿತು. ಸುತ್ತಿಕೊಂಡು ಬಂತು. ಒಂದು ಕಡೆ ನಿಂತಿತು. ಅವರೆಕಾಳಿನಷ್ಟು ಗಾತ್ರದ್ದು, ಗಟ್ಟಿ, ಒತ್ತಿದರೆ ಜಾರದೆ ಅಲ್ಲೇ ಕೂತಿದೆ. ಭೀಮಕ್ಕ ಕೈ ತೆಗೆದಳು. ಮತ್ತೆ ಇಟ್ಟಳು. ಹಂಡೆಯ ನೀರು ಆರುವವರೆಗೂ ಕೂತೇ ಇದ್ದಳು.

ಅವಳ ಅವ್ವ ಸತ್ತದ್ದು ಅದರಿಂದಲೇ. ಆಗ ಭೀಮಕ್ಕನಿಗೆ ಹನ್ನೆರಡು ವರ್ಷ. ನಿಡುಗಲ್ಲಿನ ಬೆಟ್ಟದ ಬುಡದ ಮನೆಯಲ್ಲಿ ಅವ್ವ ಎರಡು ವರ್ಷ ಸೆರಗು ಬಿಗಿದುಕೊಂಡೇ ತಿರುಗಿದ್ದಳು. ಹುಣ್ಣು ಒಡೆದು ವಾಸನೆ ಬಂದ ಮೇಲಷ್ಟೇ ಮನೆಯವರಿಗೆ ತಿಳಿದದ್ದು. ರಕ್ತ ಕೀವಿನ ಬಟ್ಟೆ ಒಗೆದವಳು ಭೀಮಕ್ಕನೇ. ಹಟ್ಟಿಯನ್ನೆಲ್ಲ ಹೆದರಿಸಿಟ್ಟಿದ್ದ ಹೆಂಗಸಿಗೆ ಆ ಶನಿವಾರ ತಾನೇ ಹೆದರುವ ಸರದಿ ಬಂತು. ಸಾಯುವ ಭಯ ಅಂದರೆ ಇದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು.

ಯಾರಿಗೆ ತೋರಿಸುವುದು? ಬಡವನಹಳ್ಳಿಯ ಡಾಕ್ಟರು ಗಂಡಸು. ಅಲ್ಲಿನ ಕಾಂಪೌಂಡರ್ ರುದ್ರಯ್ಯನಿಗೆ ಒಂದು ಸುದ್ದಿ ಸಿಕ್ಕರೆ ಸಂಜೆಯೊಳಗೆ ಸಂತೆ ಮುಟ್ಟುತ್ತಿತ್ತು. ಉಳಿದವಳು ನರ್ಸಮ್ಮ ಒಬ್ಬಳೇ. ಅವಳನ್ನು ಹಟ್ಟಿಯೊಳಗೆ ಕರೆಯುವಂತಿಲ್ಲ, ಬೇಡವೆಂದವಳು ತಾನೇ. ಅವಳ ಹತ್ತಿರ ಹೋಗೋಣವೆಂದರೆ ಗುಡಿಸಲಿಗೆ ಹೋಗುವ ಹೆಂಗಸಿಗೆ ಇರಬೇಕಾದ ಕಾರಣ ಒಂದೇ, ಆ ಕಾರಣ ನಿಂತು ಎಂಟು ವರ್ಷವಾಗಿತ್ತು. ಭೀಮಕ್ಕ ಭಾನುವಾರವೆಲ್ಲ ಯೋಚಿಸಿದಳು. ಮೈಲಿಗೆಯಾಗಿದ್ದೂ ಇಲ್ಲ ಎಂದರೆ ಅದು ದೇವರಿಗೆ ಮಾಡುವ ದ್ರೋಹ. ಆಗದಿದ್ದರೂ ಆಗಿದೆ ಎಂದರೆ ದೇವರಿಗೆ ಯಾವ ನಷ್ಟವೂ ಇಲ್ಲವಲ್ಲ? ಈ ಲೆಕ್ಕ ಅವಳಿಗೆ ಸರಿಯೆನಿಸಿತು. ಸೋಮವಾರ ಸಂಜೆ ಕಂಬಳಿ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ತಾನು ಹೊರಗಾಗಿರುವುದಾಗಿ ಅಂಗಳದಲ್ಲಿ ನಿಂತು ಸಾರಿ, ಬೇಲಿ ದಾಟಿ ಹೊರಟೇಬಿಟ್ಟಳು.

ಈರಕ್ಕ ಬಾಯಿ ತೆರೆದವಳು ಮುಚ್ಚುವುದನ್ನು ಮರೆತಳು. ಓರಗಿತ್ತಿ ಕರಿಯಕ್ಕ, ಅವಳಿಗೆ ಅರವತ್ತು, ಬೀಸುತ್ತಿದ್ದ ರಾಗಿಕಲ್ಲು ನಿಲ್ಲಿಸಿ ನೋಡಿದಳು. ಕಾಟಪ್ಪ ದೇವರ ಮನೆಯ ಮುಂದೆ ಉಣ್ಣೆ ನೂಲುತ್ತಿದ್ದ. ಅವನು ಹೆಂಡತಿ ಹೋದ ದಾರಿಯನ್ನು ಒಂದು ಗಳಿಗೆ ನೋಡಿ ಮತ್ತೆ ಕದಿರು ತಿರುಗಿಸತೊಡಗಿದ.

ಗುಡಿಸಲಲ್ಲಿ ಆ ದಿನ ನಿಜವಾಗಿಯೂ ಹೊರಗಾಗಿದ್ದವಳು ಚಿಕ್ಕಹನುಮಕ್ಕ ಎಂಬ ಎಳೆ ವಯಸ್ಸಿನ ಸೊಸೆ ಒಬ್ಬಳೇ. ಭೀಮಕ್ಕ ಒಳಗೆ ಬಂದದ್ದು ಕಂಡು ಆ ಹುಡುಗಿ ಮೂಲೆ ಸೇರಿದಳು. ಭೀಮಕ್ಕನ ಕಣ್ಣು ಸೂರಿನ ಮೇಲೆ ಹೋಯಿತು. ಸೋಗೆಯಲ್ಲಿ ಮೂರು ಕಡೆ ಆಕಾಶ ಕಾಣುತ್ತಿತ್ತು. ಬಾಗಿಲಿಗೆ ತಟ್ಟಿಯಿಲ್ಲ, ನೆಲದಲ್ಲಿ ಇರುವೆ ಗೂಡು. ಇಂಥದ್ದರಲ್ಲಿ ಹೆಂಗಮ್ಮಿ ಮಲಗ್ತೀರಿ ಎಂದು ರೇಗಿದಳು. ಹೋದ ವರ್ಷ ಸೋಗೆ ಹೊದಿಸಿ ಎಂದು ನಾವು ಕೇಳಿದಾಗ ನೀವೇ ಬೇಡವೆಂದಿರಿ ಎಂದು ಆ ಹುಡುಗಿ ನೆಲ ನೋಡಿಕೊಂಡು ಹೇಳಿದಳು. ಭೀಮಕ್ಕ ಸುಮ್ಮನಾದಳು. ಅವಳು ಸುಮ್ಮನಾದದ್ದು ಚಿಕ್ಕಹನುಮಕ್ಕನ ನೆನಪಿನಲ್ಲಿ ಅದೇ ಮೊದಲು.

ಮಂಗಳವಾರ ಹತ್ತು ಗಂಟೆಗೆ ಜಗದಾಂಬಳ ಸೈಕಲ್ಲು ಬಂತು. ಒಳಗೆ ಭೀಮಕ್ಕನನ್ನು ಕಂಡು ಅವಳು ಬಾಗಿಲಲ್ಲೇ ನಿಂತಳು. ಬೈಸಿಕೊಳ್ಳಲು ತಯಾರಾದವಳ ಹಾಗೆ ಸೆರಗು ಸಿಕ್ಕಿಸಿಕೊಂಡಳು. ಭೀಮಕ್ಕ ಚಿಕ್ಕಹನುಮಕ್ಕನನ್ನು ಸೌದೆ ಆಯ್ದು ತಾ ಎಂದು ಹೊರಗೆ ಅಟ್ಟಿದಳು. ಆಮೇಲೆ, ತಾನು ಹೊರಗಾಗಿದ್ದೇನೆ ಎಂದಳು. ಜಗದಾಂಬಳ ಮುಖದ ನಗು ಹೋಯಿತು. ಎಂಟು ವರ್ಷದ ಮೇಲೆ ಮತ್ತೆ ಕಾಣಿಸಿಕೊಂಡಿದ್ದರೆ ಅದು ಗರ್ಭಕೋಶದ ದೊಡ್ಡ ಕಾಯಿಲೆಯೂ ಇರಬಹುದು, ಎಷ್ಟು ಹೋಗುತ್ತಿದೆ, ಯಾವಾಗಿನಿಂದ, ನೋವಿದೆಯಾ ಎಂದು ಒಂದೇ ಉಸಿರಿಗೆ ಕೇಳಿದಳು. ಈಗಲೇ ಗಾಡಿ ಕಟ್ಟಿಸಿ ಮಧುಗಿರಿಗೆ ಹೊರಡಬೇಕು ಎಂದು ಚೀಟಿ ಬರೆಯಲು ಪೆನ್ನೂ ತೆಗೆದಳು.

ಇಲ್ಲದ ಕಾಯಿಲೆ ಮೈಮೇಲೆ ಬಂದದ್ದು ನೋಡಿ ಭೀಮಕ್ಕ ಗಾಬರಿಯಾದಳು. "ಅಯ್ಯೋ ನಿಲ್ಸಮ್ಮ ತಾಯಿ. ನಾನು ಹೊರ್ಗೂ ಆಗಿಲ್ಲ, ಏನೂ ಆಗಿಲ್ಲ. ಸುಳ್ಳೇಳ್ಕಂಡು ಬಂದ್ಬುಟ್ಟೆ," ಎಂದಳು. ಹೇಳಿ ಮುಗಿಸುವ ಮೊದಲೇ ಕುಪ್ಪಸದ ಗುಂಡಿಗೆ ಕೈ ಹಾಕಿದ್ದಳು.

ಜಗದಾಂಬ ಕೈ ತೊಳೆದುಕೊಂಡು ಚಾಪೆಯ ಮೇಲೆ ಮಲಗಿಸಿ ನೋಡಿದಳು. ನಿಧಾನವಾಗಿ, ಎರಡೂ ಕಡೆ, ಕಂಕುಳಲ್ಲಿ, ಕತ್ತಿನ ಬುಡದಲ್ಲಿ. ಭೀಮಕ್ಕ ಅವಳ ಬೆರಳನ್ನಲ್ಲ, ಮುಖವನ್ನು ನೋಡುತ್ತಿದ್ದಳು. ನೋವಿದೆಯಾ ಎಂದಾಗ ಇಲ್ಲವೆಂದಳು, ಹೇಳುವಾಗ ಸ್ವಲ್ಪ ಹಿಗ್ಗೂ ಇತ್ತು. ಆದರೆ ನರ್ಸಮ್ಮ ಹಿಗ್ಗಲಿಲ್ಲ.

"ನೋವಿಲ್ಲ ಅಂತ ಬಿಡೋ ಹಾಗಿಲ್ಲಮ್ಮ," ಎಂದಳು ಜಗದಾಂಬ. "ಇಂಥ ಗಂಟು ಬಹಳ ಜನಕ್ಕೆ ಬರುತ್ತೆ, ಹೆಚ್ಚಿನವು ಏನೂ ಮಾಡೋಲ್ಲ. ಇದು ಯಾವ ಥರದ್ದು ಅಂತ ನನ್ನ ಕೈಗೆ ಗೊತ್ತಾಗೋಲ್ಲ. ಶುಕ್ರವಾರ ಮಧುಗಿರಿ ಆಸ್ಪತ್ರೆಗೆ ಬನ್ನಿ. ಇಂದ್ರಮ್ಮ ಅಂತ ಲೇಡಿ ಡಾಕ್ಟರಿದ್ದಾರೆ. ನಾನೇ ಬಾಗಿಲಲ್ಲಿ ನಿಂತಿರ್ತೀನಿ."

ಕೆಟ್ಟದ್ದೇ ಆಗಿದ್ದರೆ ಎಂದು ಭೀಮಕ್ಕ ಕೇಳಿದಳು. ಕೆಟ್ಟದ್ದಾದರೂ ಇಷ್ಟು ಚಿಕ್ಕದಿದ್ದಾಗ ತೆಗೆದರೆ ಬದುಕುತ್ತಾರೆ, ನಾನು ಬೆಂಗಳೂರಿನಲ್ಲಿ ಅಂಥವರನ್ನು ಕಣ್ಣಾರೆ ಕಂಡಿದ್ದೇನೆ ಎಂದಳು ಜಗದಾಂಬ. ಚೀಲ ಬಿಸಾಡಿಸಿಕೊಂಡ ಸಿಟ್ಟನ್ನು ಅವಳು ಎಲ್ಲಿಟ್ಟುಕೊಂಡಿದ್ದಾಳೋ ಎಂದು ಭೀಮಕ್ಕ ಅವಳ ಮುಖದಲ್ಲಿ ಹುಡುಕಿದಳು. ಸಿಗಲಿಲ್ಲ.

ಕೆಲಸ ಮುಗಿಯಿತು, ಮನೆಗೆ ಹೋಗೋಣವೆಂದರೆ ಹಾಗೂ ಇಲ್ಲ. ಹೊರಗಾದೆನೆಂದು ಸಾರಿದ ಮೇಲೆ ನಾಲ್ಕನೇ ದಿನದವರೆಗೆ ಕೂರಲೇಬೇಕು. ಈ ಭಾಗ ಭೀಮಕ್ಕನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಎರಡು ದಿನ ಇರುವೆಗಳ ಜೊತೆ ಕಳೆದಳು. ಊಟ ಇಡಲು ಬರಬೇಕಾದವಳು ಈರಕ್ಕ, ಆದರೆ ಚಪ್ಪಡಿಕಲ್ಲಿನವರೆಗೆ ದಿನವೂ ಮುದ್ದೆ ತಂದಿಟ್ಟವನು ಕಾಟಪ್ಪ. ಪೂಜಾರಿ ಅಷ್ಟು ದೂರ ಬರುವಂತಿಲ್ಲ. ಬಂದ, ಇಟ್ಟ, ಹೋದ.

ಶುಕ್ರವಾರ ಬೆಳಗಾಗುತ್ತಲೇ ನೀರು ಹಾಕಿಕೊಂಡು ಒಳಗೆ ಬಂದವಳು, ಬಳೆ ತೊಡಿಸಿಕೊಳ್ಳಲು ಮಧುಗಿರಿಗೆ ಹೋಗಿ ಬರುತ್ತೇನೆ ಎಂದಳು. ನಾನೂ ಬರುತ್ತೇನೆ ಎಂದ ಕಾಟಪ್ಪ. ಬಳೆ ಅಂಗಡಿಯಲ್ಲಿ ನಿನಗೇನು ಕೆಲಸ ಎಂದು ಗದರಿದರೂ ಕೇಳದೆ ಕಂಬಳಿ ಹೆಗಲಿಗೆ ಹಾಕಿದ. ಬಡವನಹಳ್ಳಿಯಲ್ಲಿ ಬಸ್ಸು ಬರುವುದು ತಡವಿತ್ತು. ಇಬ್ಬರೂ ಅರಳಿಕಟ್ಟೆಯ ಮೇಲೆ ಕೂತರು.

"ಲೇ ಭೀಮಿ, ನಲವತ್ತು ವರ್ಷ ಕುರಿ ಕಾಯ್ದಿವ್ನಿ. ಯಾವ್ದು ಗಬ್ಬ ಆಗೈತೆ, ಯಾವ್ದು ನಿಂತೈತೆ ಅಂತ ದೂರದಿಂದ್ಲೇ ಏಳ್ತೀನಿ. ನನ್ ಎಂಡ್ರು ಇಸ್ಯ ನಂಗೊತ್ತಾಗಲ್ವಾ? ಎಂಟು ವರ್ಷ ಆದ್ಮೇಲೆ ಒರಗಾದೆ ಅಂತೀಯಲ್ಲ. ಏನಾಗೈತೆ, ಅದ್ನೇಳು," ಎಂದ.

ತನ್ನನ್ನು ಕುರಿಗೆ ಹೋಲಿಸಿದ್ದಕ್ಕೆ ಭೀಮಕ್ಕನಿಗೆ ಸಿಟ್ಟು ಬರಬೇಕಿತ್ತು. ಬಾಯಿ ತೆರೆದಳು, ತೆಲುಗೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅಳು ಬಂತು. ಸಂತೆಗೆ ಹೋಗುವ ಜನ ನೋಡುತ್ತಿದ್ದರು, ನೋಡಿಕೊಳ್ಳಲಿ ಎಂದು ಅತ್ತಳು. ಅತ್ತು ಮುಗಿಸಿ, ಗಂಟಿನ ವಿಷಯ ಹೇಳಿದಳು, ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಬಾಯಿಬಿಡದ ಅವ್ವನ ವಿಷಯವನ್ನೂ ಹೇಳಿದಳು.

"ನಮ್ಮವ್ವ ಯಾರ್ಗೂ ಏಳ್ಳಿಲ್ಲ ಕಣಪ್ಪ. ಯಾರ್ಗೇಳಾಳು? ಅಪ್ಪನ್ ತಾವ ಏಳೋ ಮಾತಾ ಅದು?" ಎಂದಳು.

"ನೀನು ಏಳ್ದಲ್ಲ. ಸಾಕು," ಎಂದ ಕಾಟಪ್ಪ. ಬಸ್ಸು ಬಂದಾಗ ಹೆಂಡತಿಯ ಕೈಚೀಲವನ್ನು ಅವನೇ ಹಿಡಿದುಕೊಂಡ. ಹಟ್ಟಿಯ ಗಂಡಸರು ಯಾರಾದರೂ ನೋಡಿದ್ದರೆ ವರ್ಷವೆಲ್ಲ ಆಡಿಕೊಳ್ಳುತ್ತಿದ್ದರು.

ಮಧುಗಿರಿಯಲ್ಲಿ ಇಂದ್ರಮ್ಮ ಡಾಕ್ಟರು ನೋಡಿ ಬೆಂಗಳೂರಿಗೆ ಬರೆದುಕೊಟ್ಟರು. ಜಗದಾಂಬ ರಜೆ ಹಾಕಿ ಜೊತೆಗೆ ಹೋದಳು. ಅಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದರು. ಅದು ಕ್ಯಾನ್ಸರೇ. ಆ ಮಾತು ಕೇಳಿದ ಮಧ್ಯಾಹ್ನ ಭೀಮಕ್ಕ ವಾರ್ಡಿನ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು, ಯಾರು ಕರೆದರೂ ಓಗೊಡಲಿಲ್ಲ. ಸಂಜೆಗೆ ಬಂದ ದೊಡ್ಡ ಡಾಕ್ಟರು, ಇಲ್ಲಿಗೆ ಬರುವ ಹಳ್ಳಿಯ ಹೆಂಗಸರಲ್ಲಿ ಹೆಚ್ಚಿನವರು ಹುಣ್ಣು ಒಡೆದ ಮೇಲೆ ಬರುತ್ತಾರೆ, ಇಷ್ಟು ಬೇಗ ಬಂದವರನ್ನು ನಾನು ಬೆರಳಲ್ಲಿ ಎಣಿಸಬಹುದು, ಇದನ್ನು ಕಂಡುಹಿಡಿದವರು ಯಾರು ಎಂದು ಕೇಳಿದರು. ಗೋಡೆಯ ಕಡೆಯಿಂದಲೇ ಭೀಮಕ್ಕ, ನಾನೇ ಎಂದಳು. ಹೇಳಿದ ಮೇಲೆ ಅವಳಿಗೆ ಸ್ವಲ್ಪ ಜಂಬ ಬಂತು. ಜಂಬ ಬಂದ ಮೇಲೆ ಹಸಿವೂ ಆಯಿತು.

ಎಡಗಡೆಯದನ್ನು ಪೂರ್ತಿ ತೆಗೆದರು. ಕಂಕುಳಿಗೆ ಹಬ್ಬಿರಲಿಲ್ಲ, ಕರೆಂಟು ಎನ್ನುವ ವಿಕಿರಣ ಚಿಕಿತ್ಸೆಯೂ ಬೇಕಾಗಲಿಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಹೋಗಿ ಎಂದರು. ಪೂಜಾರಿ ಕಾಟಪ್ಪ ಹೋಟೆಲಿನ ಅನ್ನ ಮುಟ್ಟುವಂತಿಲ್ಲವಾದ್ದರಿಂದ ಹದಿನೆಂಟು ದಿನ ಬಾಳೆಹಣ್ಣು ಕಡ್ಲೆಪುರಿ ತಿಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಮಲಗಿದ. ಮನೆಗೆ ಬರುವಾಗ ಆಪರೇಷನ್ ಆದವಳಿಗಿಂತ ಅವನೇ ಸೊರಗಿದ್ದ.

ಹಟ್ಟಿಯಲ್ಲಿ ಹೊಟ್ಟೆಯಲ್ಲಿನ ಗೆಡ್ಡೆ ಎಂದು ಹೇಳಿದ್ದಾಯಿತು. ಭೀಮಕ್ಕ ಅದನ್ನು ಅಲ್ಲಿಗೇ ಬಿಡಬೇಕೆಂದಿದ್ದಳು. ರವಿಕೆಯ ಎಡಗಡೆ ಹಳೆ ಬಟ್ಟೆ ಮಡಿಸಿಟ್ಟು, ಸೆರಗು ಅಗಲ ಮಾಡಿ ಹೊದ್ದು ತಿರುಗುತ್ತಿದ್ದಳು. ಎರಡು ತಿಂಗಳು ಹಾಗೇ ಕಳೆಯಿತು.

ಒಂದು ಮಧ್ಯಾಹ್ನ ಹೆಂಗಸರೆಲ್ಲ ಅವಳ ಮನೆಯ ಹಿಂದಿನ ನೆರಳಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದರು. ಈರಕ್ಕ ನರ್ಸಮ್ಮನ ಮಾತು ತಂದಿದ್ದಳು: ಎದೆಯ ಗಂಟಿನ ಕಾಯಿಲೆ ವಯಸ್ಸಾದವರಿಗೇ ಹೆಚ್ಚಂತೆ, ಅಜ್ಜಿಯರೂ ಬಂದು ತೋರಿಸಬೇಕಂತೆ. ಕರಿಯಕ್ಕ ಹುಣಸೆ ಬೀಜ ಉಗಿದು ನಕ್ಕಳು. ಹಾಲು ಬತ್ತಿ ಇಪ್ಪತ್ತು ವರ್ಷ ಆಯಿತು, ಇನ್ನು ಅಲ್ಲಿ ನೋಡಲು ಏನಿದೆ ಎಂದಳು. ಉಳಿದ ಮುದುಕಿಯರೂ ನಕ್ಕರು. ಭೀಮಕ್ಕ ಮಾತ್ರ ನಗಲಿಲ್ಲ. ಕರಿಯಕ್ಕ ಮೂವತ್ತೈದು ವರ್ಷದ ಜೊತೆ. ಹೊಸದಾಗಿ ಹಟ್ಟಿಗೆ ಬಂದಾಗ ತೆಲುಗು ಬಿಟ್ಟು ಬೇರೆ ಬಾರದ ಹುಡುಗಿಗೆ ಕನ್ನಡ ಕಲಿಸಿದವಳು. ಅವಳ ಎದೆಯಲ್ಲೂ ಒಂದು ಕಾಳು ಕೂತಿದ್ದರೆ? ತಾನು ಬಾಯಿ ಮುಚ್ಚಿಕೊಂಡು ಸೆರಗು ಹೊದ್ದುಕೊಂಡು ಕೂತಿರಬೇಕಾ?

ಭೀಮಕ್ಕ ಎದ್ದು ನಿಂತಳು. ಸೆರಗು ಸರಿಸಿದಳು. ರವಿಕೆಯ ಗುಂಡಿ ಒಂದೊಂದೇ ಬಿಚ್ಚಿದಳು. ಮಡಿಸಿಟ್ಟ ಬಟ್ಟೆ ಕೆಳಗೆ ಬಿತ್ತು. ಹಟ್ಟಿಯ ಹನ್ನೆರಡು ಹೆಂಗಸರ ಮುಂದೆ, ಹಾಡಹಗಲಲ್ಲಿ, ಚಪ್ಪಟೆಯಾಗಿ ಹೊಲಿದಿದ್ದ ಆ ಜಾಗವನ್ನು ತೋರಿಸಿಕೊಂಡು ನಿಂತಳು.

"ಇಲ್ಲೇ ಇತ್ತು ಕಣಕ್ಕ, ಅವರೆಕಾಳಷ್ಟು. ಗೆಡ್ಡೆ ಗಿಡ್ಡೆ ಎಲ್ಲ ಸುಳ್ಳು. ನಂಗೂ ಆಲು ಬತ್ತಿ ಯಾವ ಕಾಲ ಆಗಿತ್ತು. ತಗ್ಸಾಕಿದ್ಕೆ ನಿಮ್ ಮುಂದೆ ನಿಂತಿವ್ನಿ," ಎಂದಳು.

ಕರಿಯಕ್ಕ ಹುಣಸೆಯ ಕೈ ಸೀರೆಗೆ ಒರೆಸಿಕೊಂಡು ಎದ್ದಳು. ಹತ್ತಿರ ಬಂದು ಹೊಲಿಗೆಯ ಗೆರೆಯ ಮೇಲೆ ಮೆಲ್ಲಗೆ ಬೆರಳಿಟ್ಟಳು. ನೋಯುತ್ತದಾ ಎಂದು ಕೇಳಿದಳು. ಈಗಿಲ್ಲ ಎಂದಳು ಭೀಮಕ್ಕ. ಕರಿಯಕ್ಕನೇ ಗುಂಡಿ ಹಾಕಿ, ಸೆರಗು ಹೊದಿಸಿ ಕೂರಿಸಿದಳು. ಆಮೇಲೆ, ನರ್ಸಮ್ಮ ಬರುವುದು ಯಾವ ವಾರ ಎಂದು ಈರಕ್ಕನನ್ನು ಕೇಳಿದಳು.

ಎಲ್ಲಿ ತೋರಿಸುವುದೆಂಬ ಚರ್ಚೆಯೂ ಅಲ್ಲೇ ಆಯಿತು. ನಾನು ಹಾಕಿದ ಕಟ್ಟು ನಾನೇ ತೆಗೆಯುತ್ತೇನೆ, ನರ್ಸಮ್ಮ ಒಳಗೇ ಬರಲಿ ಎಂದಳು ಭೀಮಕ್ಕ. ಮುದುಕಿಯರು ಒಪ್ಪಲಿಲ್ಲ. ಬಾಗಿಲಿಲ್ಲದ ಮನೆ, ಗಂಡಸರು ಹೇಳದೆ ಕೇಳದೆ ಒಳಗೆ ನುಗ್ಗುತ್ತಾರೆ, ಅವರ ಕಣ್ಣಿಗೆ ಯಾಕೆ ಬೀಳಬೇಕು ಎಂದರು. ಇಡೀ ಹಟ್ಟಿಯಲ್ಲಿ ಗಂಡಸು ಕಾಲಿಡದ ಜಾಗ ಅದೊಂದೇ, ಅಲ್ಲಿಗೇ ಹೋಗೋಣ ಎಂದಳು ಕರಿಯಕ್ಕ. ಹೋಗಲು ಕಾರಣ ಬೇಕಲ್ಲ ಎಂದು ಒಬ್ಬಳು ರಾಗ ಎಳೆದಾಗ ಎಲ್ಲರೂ ಭೀಮಕ್ಕನ ಮುಖ ನೋಡಿದರು. ಭೀಮಕ್ಕ ಮೊದಲು ಆ ಗುಡಿಸಲಿಗೆ ಹೊಸ ಸೋಗೆ ಹೊದಿಸಿ, ನೆಲ ಸಾರಿಸಿ, ತಟ್ಟಿ ಬಾಗಿಲು ಕಟ್ಟಿಸಿದಳು.

ಹೀಗಾಗಿ ಮುಂದಿನ ಸೋಮವಾರ ಸಂಜೆ ಕರೇಕಲ್ಲಹಟ್ಟಿಯ ಆರು ಜನ ಮುದುಕಿಯರು, ಎಲ್ಲರಿಗೂ ಐವತ್ತು ದಾಟಿದೆ, ಒಬ್ಬಳಿಗೆ ಎಪ್ಪತ್ತು, ಒಂದೇ ಗಳಿಗೆಯಲ್ಲಿ ಹೊರಗಾದರು. ಚಾಪೆ, ಕಂಬಳಿ, ಎಲೆಅಡಿಕೆ ಚೀಲ ಹಿಡಿದು ಸಾಲಾಗಿ ಬೇಲಿ ದಾಟಿದರು. ಅವರ ಮುಂದೆ, ಏಳನೆಯವಳಾಗಿ, ಭೀಮಕ್ಕ.

ಹಟ್ಟಿಯ ಗಂಡಸರು ದಿಗಿಲುಬಿದ್ದರು. ಮಂಗಳವಾರ ಬೆಳಗ್ಗೆ ಕರಿಯಕ್ಕನ ಗಂಡ ಮಾರಣ್ಣ ನಾಲ್ಕು ಜನರನ್ನು ಕಟ್ಟಿಕೊಂಡು ದೇವರ ಮನೆಗೆ ಬಂದ. ಎಪ್ಪತ್ತು ವರ್ಷದ ಮುದುಕಿಯೂ ಹೊರಗಾಗುವುದೆಂದರೆ ಇದು ಯಾವ ಗ್ರಹಚಾರ, ದೇವರಲ್ಲಿ ಹೂವು ಕೇಳಲೇಬೇಕು ಎಂದು ಹಟ ಹಿಡಿದ. ಕಾಟಪ್ಪ ಸ್ನಾನ ಮಾಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗೆ ಹೂವು ಯಾವ ಕಡೆ ಬಿತ್ತೋ, ಬಿತ್ತೋ ಇಲ್ಲವೋ, ಕಂಡವರು ಯಾರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದವನ ಮುಖ ದೇವರ ಮುಖದಷ್ಟೇ ಗಂಭೀರವಾಗಿತ್ತು.

"ಬಲಗಡೆ ಕೊಟ್ಟೈತೆ. ಒಳ್ಳೇದೇ ಆಯ್ತದಂತೆ. ಗಂಡುಸ್ರು ಮಾತ್ರ ನಾಕ್ ದಿನ ಅತ್ಲಾಗೆ ತಲೆ ಆಕ್ಬಾರ್ದಂತೆ," ಎಂದ.

ದೇವರೇ ಹೇಳಿದ ಮೇಲೆ ಇನ್ನೇನು. ಮಾರಣ್ಣ ಕೈ ಮುಗಿದು, ಕುರಿ ಹೊಡೆದುಕೊಂಡು ಹೋದ.

ಮಧ್ಯಾಹ್ನ ಕಾಟಪ್ಪ ಅಂಬಲಿಯ ದೊಡ್ಡ ಮಡಕೆ ಹೊತ್ತು ಚಪ್ಪಡಿಕಲ್ಲಿನವರೆಗೆ ಬಂದ. ಹುಣಸೆಮರದ ಕೆಳಗೆ ಜಗದಾಂಬಳ ಸೈಕಲ್ಲು ಒರಗಿತ್ತು. ತಟ್ಟಿಯ ಹಿಂದಿನಿಂದ ಮುದುಕಿಯರ ನಗು ಹಟ್ಟಿಯವರೆಗೂ ಕೇಳುತ್ತಿತ್ತು. ಕಚಗುಳಿಯಾಗುತ್ತದೆ ಬಿಡಮ್ಮಿ ಎಂದು ಎಪ್ಪತ್ತರ ಅಜ್ಜಿ ಕೂಗಾಡುತ್ತಿದ್ದಳು. ಮಡಕೆ ಒಯ್ಯಲು ಭೀಮಕ್ಕ ಹೊರಗೆ ಬಂದಳು. ಕಲ್ಲಿನ ಆಚೆ ಅವಳು, ಈಚೆ ಅವನು.

ಎಲ್ಲರದೂ ಆಯಿತಾ ಎಂದು ಅವನು ಕೇಳಿದ.

ನಾಲ್ಕು ಜನರದು ಆಯಿತು, ಯಾರಿಗೂ ಏನೂ ಇಲ್ಲ, ಇನ್ನಿಬ್ಬರಿದ್ದಾರೆ ಎಂದಳು. ಹೂವು ನಿಜವಾಗಲೂ ಬಲಗಡೆ ಬಿತ್ತಾ ಎಂದೂ ಕೇಳಿದಳು.

ಕಾಟಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ತಿರುಗಿದ.

"ಇನ್ನಿಬ್ರುನ್ನೂ ಸರ್ಯಾಗಿ ನೋಡ್ಸು. ಆತ್ರ ಏನಿಲ್ಲ, ನಾಕ್ ದಿನ ಐತಲ್ಲ," ಎಂದು ಹೇಳಿ ಹಟ್ಟಿಯ ಕಡೆ ನಡೆದ.